ತೂಬು ಕಟ್ಟಿದ ಕೆರೆ

ನಮ್ಮ ಭಾಷೆ ದೇಹದ ಒಳಗಿನ ಅಂಗಗಳನ್ನೆಲ್ಲ ಒಂದೇ ಕಣ್ಣಿನಿಂದ ನೋಡಿಲ್ಲ. ಎದೆಗೂ ಕರುಳಿಗೂ ಅದು ಧಾರಾಳವಾಗಿ ಮಾತು ಕೊಟ್ಟಿದೆ. ಎದೆ ಒಡೆಯುತ್ತದೆ, ಎದೆ ತುಂಬಿ ಬರುತ್ತದೆ. ಕರುಳು ಚುರ್ರೆನ್ನುತ್ತದೆ, ಕಿತ್ತು ಬರುತ್ತದೆ, ತಾಯಿಗೂ ಮಗುವಿಗೂ ನಡುವೆ ಬಳ್ಳಿಯಾಗಿ ಹಬ್ಬುತ್ತದೆ. ಪಿತ್ತ ನೆತ್ತಿಗೇರುತ್ತದೆ. ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತದೆ. ಆದರೆ ಜಠರದ ಹಿಂದೆ, ಬೆನ್ನೆಲುಬಿಗೆ ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿಯ ಬಗ್ಗೆ, ನಾನು ಬಲ್ಲಮಟ್ಟಿಗೆ, ಕನ್ನಡದಲ್ಲಿ ಒಂದು ಗಾದೆಯಿಲ್ಲ, ಒಂದು ನುಡಿಗಟ್ಟಿಲ್ಲ, ಒಂದು ಬೈಗುಳ ಕೂಡ ಇಲ್ಲ. ಶಾಲೆಯ ಪುಸ್ತಕ ಅದನ್ನು ಮೇದೋಜೀರಕ ಗ್ರಂಥಿ ಎಂದು ಕರೆಯುತ್ತದೆ. ಪರೀಕ್ಷೆಯ ಮರುದಿನವೇ ಮರೆತುಹೋಗುವಂಥ ಹೆಸರು. ಗ್ರೀಕರು ಇಟ್ಟ ಹೆಸರಾದರೂ ಹೆಚ್ಚಿನ ಗೌರವದ್ದಲ್ಲ. ಪ್ಯಾಂಕ್ರಿಯಾಸ್ ಎಂದರೆ 'ಎಲ್ಲವೂ ಮಾಂಸ' ಎಂದಷ್ಟೇ ಅರ್ಥ.

ಹೆಸರಿಲ್ಲದ ಅಂಗದ ನೋವಿಗೂ ಹೆಸರಿರುವುದಿಲ್ಲ. ಅದು ಬರಿಯ ಹೊಟ್ಟೆನೋವು ಎನಿಸಿಕೊಳ್ಳುತ್ತದೆ. ಇಲ್ಲವೇ ವಾಯು, ಗ್ಯಾಸು, ಹುಳಿತೇಗು ಎಂಬ ಎರವಲು ಹೆಸರುಗಳಲ್ಲಿ ಓಡಾಡುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಆ ನೋವನ್ನು ಕುರಿತು, ಮತ್ತು ಅದಕ್ಕೆ ಶಸ್ತ್ರವೈದ್ಯರು ಕಂಡುಕೊಂಡ ಒಂದು ಪರಿಹಾರವನ್ನು ಕುರಿತು. ವೈದ್ಯನಲ್ಲದವನು, ಕನ್ನಡ ಪಾಠ ಹೇಳಿ ನಿವೃತ್ತನಾದವನು ಈ ವಿಷಯಕ್ಕೆ ಏಕೆ ಕೈಹಾಕಿದ ಎಂದು ಕೇಳುಗರಿಗೆ ಅನ್ನಿಸಬಹುದು. ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಮೊದಲು ಗ್ರಂಥಿಯ ಪರಿಚಯ ಮಾಡಿಕೊಳ್ಳೋಣ. ಉದ್ದ ಒಂದು ಗೇಣಿಗೂ ಕಡಿಮೆ. ತೂಕ ಸುಮಾರು ನೂರು ಗ್ರಾಂ. ಅದರ ತಲೆ ಸಣ್ಣಕರುಳಿನ ಮೊದಲ ಬಾಗಿನ ಮಡಿಲಲ್ಲಿದೆ, ಬಾಲ ಎಡಗಡೆಯ ಗುಲ್ಮದತ್ತ ಚಾಚಿದೆ. ಇಷ್ಟು ಚಿಕ್ಕ ಅಂಗ ಎರಡು ಸಂಸಾರಗಳನ್ನು ನಡೆಸುತ್ತದೆ. ಇನ್ಸುಲಿನ್ ಮುಂತಾದ ರಸಗಳನ್ನು ನೇರವಾಗಿ ರಕ್ತಕ್ಕೆ ಬಿಟ್ಟು ಸಕ್ಕರೆಯನ್ನು ಹತೋಟಿಯಲ್ಲಿಡುವುದು ಒಂದು. ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ಜೀರ್ಣರಸವನ್ನು ತಯಾರಿಸಿ, ನಡುವೆ ಹಾಯ್ದಿರುವ ನಾಳದ ಮೂಲಕ ಕರುಳಿಗೆ ಕಳಿಸುವುದು ಇನ್ನೊಂದು. ನಾವು ಉಂಡ ತುಪ್ಪ, ಬೇಳೆ, ಅನ್ನ ಎಲ್ಲವೂ ದೇಹಕ್ಕೆ ದಕ್ಕುವುದು ಈ ರಸದ ದಯೆಯಿಂದ. ಅದು ಹರಿಯುವ ನಾಳದ ಅಗಲ ಆರೋಗ್ಯವಂತರಲ್ಲಿ ಎರಡು ಮೂರು ಮಿಲಿಮೀಟರ್. ಹೂವು ಕಟ್ಟುವ ಬಾಳೆನಾರಿನಷ್ಟು ಎನ್ನಿ.

ಈ ನಾಳವನ್ನು ಮನುಷ್ಯದೇಹದಲ್ಲಿ ಮೊದಲು ಗುರುತಿಸಿದವನು ಜರ್ಮನಿಯ ಯೋಹಾನ್ ಗೆಯೋರ್ಗ್ ವಿರ್ಸುಂಗ್. ೧೬೪೨ರಲ್ಲಿ, ಇಟಲಿಯ ಪಾದುವಾ ನಗರದಲ್ಲಿ, ಮರಣದಂಡನೆಗೆ ಗುರಿಯಾದ ಒಬ್ಬನ ಶವವನ್ನು ಛೇದಿಸುವಾಗ ಅದು ಅವನ ಕಣ್ಣಿಗೆ ಬಿತ್ತು. ಇದು ರಕ್ತನಾಳವೋ ಮತ್ತೊಂದೋ, ಇದರ ಕೆಲಸವೇನು ಎಂದು ಅವನಿಗೆ ತಿಳಿಯಲಿಲ್ಲ. ತಾಮ್ರದ ತಗಡಿನ ಮೇಲೆ ಅದರ ಚಿತ್ರವನ್ನು ಕೊರೆಸಿ, ಅಚ್ಚು ತೆಗೆದು, ಯೂರೋಪಿನ ಹೆಸರಾಂತ ವಿದ್ವಾಂಸರಿಗೆ ಕಳಿಸಿ ಅಭಿಪ್ರಾಯ ಕೇಳಿದ. ಪ್ರಶ್ನೆ ಬಗೆಹರಿಯುವ ಮುನ್ನವೇ, ೧೬೪೩ರಲ್ಲಿ, ಅವನ ಕೊಲೆಯಾಯಿತು. ಮುಂದೆ ೧೬೬೪ರ ಸುಮಾರಿಗೆ ಹಾಲೆಂಡಿನ ರೆನಿಯರ್ ದ ಗ್ರಾಫ್ ಎಂಬ ತರುಣ, ಹಕ್ಕಿಯ ಗರಿಯ ನಳಿಗೆಯನ್ನು ನಾಯಿಯೊಂದರ ಈ ನಾಳಕ್ಕೆ ತೂರಿಸಿ ರಸವನ್ನು ಸೀಸೆಯಲ್ಲಿ ಹಿಡಿದ. ಬರೆಯುವವರ ಕೈಯಲ್ಲಿದ್ದ ಗರಿ ಹೀಗೆ ಶರೀರವಿಜ್ಞಾನಕ್ಕೂ ಒಂದು ಪುಟ ಸೇರಿಸಿತು.

ಇನ್ನು ರೋಗ. ಅದನ್ನು ನಮ್ಮ ಹಳ್ಳಿಯ ಕೆರೆಯ ಮಾತಿನಲ್ಲಿ ಹೇಳುವುದು ನನಗೆ ಸುಲಭ. ಕೆರೆಗೆ ತೂಬು ಇರುತ್ತದೆ. ತೂಬಿನಿಂದ ಕಾಲುವೆ, ಕಾಲುವೆಯಿಂದ ಗದ್ದೆ. ವರ್ಷಗಟ್ಟಲೆ ಹೂಳು ತುಂಬಿ ತೂಬು ಕಟ್ಟಿದರೆ ಎರಡು ಅನಾಹುತಗಳಾಗುತ್ತವೆ. ಕೆಳಗೆ ಗದ್ದೆ ಒಣಗುತ್ತದೆ. ಮೇಲೆ ನೀರು ಏರಿಯನ್ನು ಒತ್ತುತ್ತದೆ. ದೀರ್ಘಕಾಲದ ಮೇದೋಜೀರಕ ಉರಿಯೂತದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಗ್ರಂಥಿ ಮತ್ತೆ ಮತ್ತೆ ಬೆಂದು, ಮೆತ್ತನೆಯ ಮಾಂಸದ ಜಾಗದಲ್ಲಿ ನಾರು ಬೆಳೆಯುತ್ತದೆ. ರಸ ಗಟ್ಟಿಯಾಗಿ, ಸುಣ್ಣದ ಅಂಶ ಕೂಡಿಕೊಂಡು, ನಾಳದಲ್ಲಿ ಕಲ್ಲುಗಳಾಗುತ್ತವೆ. ನಾಳ ಒಂದು ಕಡೆ ಕುಗ್ಗುತ್ತದೆ, ಅದರ ಹಿಂದೆ ಹಿಗ್ಗುತ್ತದೆ. ರಸ ಬಾರದ ಕರುಳಿನಲ್ಲಿ ಉಂಡ ಕೊಬ್ಬು ಅರಗದೆ ಹೋಗಿ ಮೈ ಇಳಿಯುತ್ತದೆ. ಹಿಂದೆ ಉಳಿದ ರಸದ ಒತ್ತಡ ನೋವಾಗುತ್ತದೆ.

ನೋವು ಎಂದೆ, ಅದರ ಸ್ವರೂಪವನ್ನೂ ಹೇಳಬೇಕು. ಮೇಲುಹೊಟ್ಟೆಯಲ್ಲಿ ಹುಟ್ಟಿ, ಬೈರಿಗೆಯ ಹಾಗೆ ಕೊರೆಯುತ್ತ ಬೆನ್ನಿಗೆ ಹೋಗುತ್ತದೆ. ಅಂಗಾತ ಮಲಗಿದರೆ ಹೆಚ್ಚು. ಮೊಣಕಾಲುಗಳನ್ನು ಎದೆಗೆ ತಬ್ಬಿ ಮುಂದಕ್ಕೆ ಬಾಗಿ ಕುಳಿತರೆ ಒಂದಿಷ್ಟು ಕಡಿಮೆ. ಅನೇಕರಿಗೆ ಉಂಡ ಸ್ವಲ್ಪ ಹೊತ್ತಿಗೆ ಅದು ಎದ್ದು ಬರುತ್ತದೆ. ಆದಕಾರಣ ರೋಗಿ ಹಸಿವಿಗಿಂತ ಹೆಚ್ಚಾಗಿ ಊಟಕ್ಕೆ ಹೆದರಲು ಕಲಿಯುತ್ತಾನೆ. ಎಲೆಯ ಮುಂದೆ ಕುಳಿತವನಿಗೆ ಅನ್ನವೇ ಶತ್ರುವಾಗಿ ಕಾಣುವ ಸ್ಥಿತಿಗಿಂತ ದೊಡ್ಡ ದಾರಿದ್ರ್ಯ ಯಾವುದು?

ಈ ರೋಗಕ್ಕೆ ಜಗತ್ತಿನ ಬಹು ಕಡೆಗಳಲ್ಲಿ ಮದ್ಯ ಮುಖ್ಯ ಕಾರಣ. ತಂಬಾಕು ಅದಕ್ಕೆ ಒತ್ತಾಸೆ. ಆದರೆ ನಮ್ಮ ದಕ್ಷಿಣ ದೇಶದಲ್ಲಿ ಇದರ ಇನ್ನೊಂದು ಮುಖವಿದೆ. ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್ ಅವರು ೧೯೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ಚಿತ್ರಿಸಿದರು. ಇಲ್ಲಿ ರೋಗಿ ಕುಡುಕನಲ್ಲ, ಮಗು. ನೋವು ಎಳೆಯ ವಯಸ್ಸಿನಲ್ಲಿ ತೊಡಗುತ್ತದೆ, ಹರೆಯಕ್ಕೆ ಮಧುಮೇಹ ಬರುತ್ತದೆ, ದುಡಿಯುವ ಪ್ರಾಯದಲ್ಲಿ ಸಾವು ಕಾದಿರುತ್ತದೆ ಎಂಬುದು ಅವರ ಕಾಲದ ಅನುಭವವಾಗಿತ್ತು. ಬಡವರ ಆಹಾರವಾದ ಮರಗೆಣಸಿನಲ್ಲಿರುವ ವಿಷಾಂಶವೇ ಕಾರಣವಿರಬಹುದೆಂದು ಬಹುಕಾಲ ಶಂಕಿಸಿದರು. ಮುಂದಿನ ಶೋಧನೆಗಳು ಆ ಶಂಕೆಯನ್ನು ಎತ್ತಿಹಿಡಿಯಲಿಲ್ಲ. ೨೦೦೨ರ ಹೊತ್ತಿಗೆ ಹೈದರಾಬಾದಿನ ವಿಜ್ಞಾನಿಗಳೂ ಸೇರಿದಂತೆ ಹಲವರು, ಇಂಥ ರೋಗಿಗಳಲ್ಲಿ ಅನೇಕರಿಗೆ 'ಸ್ಪಿಂಕ್-೧' ಎಂಬ ವಂಶವಾಹಿಯಲ್ಲಿ ದೋಷವಿರುವುದನ್ನು ತೋರಿಸಿದರು. ಗ್ರಂಥಿ ತನ್ನ ರಸದಿಂದ ತಾನೇ ಸುಟ್ಟುಕೊಳ್ಳದಂತೆ ಕಾಯುವ ಒಂದು ಪ್ರೋಟೀನಿನ ನೀಲನಕ್ಷೆ ಆ ವಂಶವಾಹಿಯಲ್ಲಿದೆ. ಕಾವಲುಗಾರ ಹುಟ್ಟಿನಿಂದಲೇ ದುರ್ಬಲನಾಗಿದ್ದರೆ ಮಗು ಮಾಡಿದ ತಪ್ಪೇನು?

ನನ್ನ ಅಕ್ಕನ ಮಗನಿಗೆ ಬಂದದ್ದು ಈ ಬಗೆಯ ರೋಗ. ಅವನಿಗೆ ೧೪ ವರ್ಷವಾದಾಗ, ೨೦೦೧ರಲ್ಲಿ, ನೋವು ಶುರುವಾಯಿತು. ಶಾಲೆಯಲ್ಲಿ ಅದು ಪರೀಕ್ಷೆಯ ಭಯ ಎನಿಸಿಕೊಂಡಿತು. ಮನೆಯಲ್ಲಿ ಓಮದ ಕಷಾಯಕ್ಕೂ ಹರಕೆಗೂ ವಿಷಯವಾಯಿತು. ಕಲ್ಲುಗಳು ಚಿತ್ರದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಅವನಿಗೆ ಇಪ್ಪತ್ತು ದಾಟಿತ್ತು. ಆ ಚಿತ್ರವನ್ನು ನೋಡಿದ ವೈದ್ಯರೊಬ್ಬರು ಮೊದಲು ಕೇಳಿದ ಪ್ರಶ್ನೆ, "ಎಷ್ಟು ವರ್ಷದಿಂದ ಕುಡಿತ?" ಎಂದು. ಒಂದು ದಿನವೂ ಕುಡಿಯದ ಹುಡುಗ ತಾಯಿಯ ಮುಖ ನೋಡಿದ. ಆ ಹೊತ್ತು ಅವನಿಗೆ ಹೊಟ್ಟೆಯ ನೋವಿಗಿಂತ ಆ ಪ್ರಶ್ನೆಯೇ ಹೆಚ್ಚು ನೋಯಿಸಿತೆಂದು ಆಮೇಲೆ ಹೇಳಿದ. ನಾನಿಲ್ಲಿ ಒಂದು ಮಾತು ಸೇರಿಸುತ್ತೇನೆ: ಅವನು ಕುಡಿದಿದ್ದರೂ ನೋವು ನೋವೇ. ಕುಡಿತ ಬಿಡಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲು, ನಿಜ. ಆದರೆ ನೋವನ್ನು ನಂಬುವುದಕ್ಕೆ ನಡತೆಯ ಪ್ರಮಾಣಪತ್ರ ಕೇಳಬಾರದು.

ಮಾತ್ರೆ, ಚುಚ್ಚುಮದ್ದು, ಮೂರು ಬಾರಿ ಬಾಯಿಯ ಮೂಲಕ ಕೊಳವೆ ಇಳಿಸಿ ಮಾಡಿದ ಚಿಕಿತ್ಸೆ, ಇವೆಲ್ಲ ಮುಗಿದ ಮೇಲೆ, ೨೦೧೪ರಲ್ಲಿ ಶಸ್ತ್ರಕ್ರಿಯೆಯ ಮಾತು ಬಂತು. ಶಸ್ತ್ರವೈದ್ಯರು ಹಳೆಯ ವರದಿಯ ಬೆನ್ನಿನ ಮೇಲೆ ಚಿತ್ರ ಬರೆದು ನಮಗೆ ವಿವರಿಸಿದರು. ಎಲ್ಲ ಕೇಳಿದ ಅಕ್ಕ, "ಇದರಿಂದ ಕಾಯಿಲೆ ಪೂರ್ತಿ ಹೋಗುತ್ತದೆಯೇ, ಡಾಕ್ಟರೇ?" ಎಂದಳು. ಅವರು, "ಇಲ್ಲ ತಾಯಿ, ಕಾಯಿಲೆ ಹೋಗುವುದಿಲ್ಲ. ನೋವು ಹೋಗಬಹುದು" ಎಂದರು. "ಹಾಗಾದರೆ ಮಗುವಿನ ಹೊಟ್ಟೆ ಕೊಯ್ಯುವುದು ಏತಕ್ಕೆ?" ಎಂದಳು ಅಕ್ಕ. ಇಪ್ಪತ್ತೇಳರ ಮಗ ಅವಳಿಗೆ ಇನ್ನೂ ಮಗುವೇ. ನನ್ನ ಈ ಭಾಷಣವೆಲ್ಲ ಅವಳ ಆ ಒಂದು ಪ್ರಶ್ನೆಗೆ ಉತ್ತರ.

ಶಸ್ತ್ರಕ್ರಿಯೆಯ ಕಥೆ ಕೆರೆಯ ಕಥೆಯ ಹಾಗೆಯೇ ಇದೆ. ೧೯೫೪ರಲ್ಲಿ ಅಮೆರಿಕದ ಡ್ಯುವಾಲ್ ಎಂಬ ಶಸ್ತ್ರವೈದ್ಯ ಒಂದು ಉಪಾಯ ಹೂಡಿದ. ತಲೆಯ ಕಡೆಯ ತೂಬು ಕಟ್ಟಿದೆಯಲ್ಲವೇ, ಹಾಗಾದರೆ ಬಾಲದ ತುದಿಯನ್ನು ಕತ್ತರಿಸಿ, ಅಲ್ಲಿಗೆ ಕರುಳಿನ ಒಂದು ಸುರುಳಿಯನ್ನು ತಂದು ಹೊಲಿದರೆ ರಸ ಹಿಮ್ಮುಖವಾಗಿ ಹರಿದೀತು. ಯುಕ್ತಿ ಚೆನ್ನಾಗಿತ್ತು, ಆದರೆ ಕೆಲವರಿಗೆ ಮಾತ್ರ ಗುಣವಾಯಿತು. ಏಕೆಂದರೆ ನಾಳ ಒಂದೇ ಕಡೆ ಕುಗ್ಗಿರುವುದಿಲ್ಲ. ಅಲ್ಲಲ್ಲಿ ಕುಗ್ಗಿ ಅಲ್ಲಲ್ಲಿ ಹಿಗ್ಗಿದ ಆ ನಾಳವನ್ನು ಪಶ್ಚಿಮದ ವೈದ್ಯರು 'ಸರೋವರಗಳ ಸರಪಣಿ' ಎಂದು ಕರೆಯುತ್ತಾರೆ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದ ಕೆರೆಗಳನ್ನು ಕಂಡ ನಮಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ನಡುವಣ ಕಾಲುವೆಗಳೆಲ್ಲ ಮುಚ್ಚಿಹೋಗಿರುವಾಗ ಸಾಲಿನ ಒಂದು ತುದಿಯ ಕೆರೆಯನ್ನು ಒಡೆದರೆ ಆ ಒಂದು ಕೆರೆ ಮಾತ್ರ ಬರಿದಾಗುತ್ತದೆ. ಉಳಿದವು ಹಾಗೆಯೇ ತುಂಬಿ ನಿಂತಿರುತ್ತವೆ.

ಇದನ್ನು ಅರಿತು ೧೯೫೮ರಲ್ಲಿ ಚಿಕಾಗೋದ ಪ್ಯೂಸ್ಟೋ ಮತ್ತು ಅವನ ಸಹೋದ್ಯೋಗಿ ಗಿಲ್ಸ್‌ಬಿ ನಾಳವನ್ನು ಉದ್ದಕ್ಕೂ ಸೀಳಿದರು. ಬಟಾಣಿಯ ಸಿಪ್ಪೆಯನ್ನು ಬಿಡಿಸಿದ ಹಾಗೆ ನಾಳ ತೆರೆದುಕೊಂಡಿತು. ಕಲ್ಲುಗಳನ್ನು ಹೆಕ್ಕಿ ತೆಗೆಯಲು ಬಂತು. ಆದರೆ ಅವರು ಬಾಲವನ್ನೂ ಗುಲ್ಮವನ್ನೂ ತೆಗೆಯುತ್ತಿದ್ದರು. ಎರಡು ವರ್ಷಗಳ ಮೇಲೆ, ೧೯೬೦ರಲ್ಲಿ, ಪಾರ್ಟಿಂಗ್ಟನ್ ಮತ್ತು ರೋಷೆಲ್ ಎಂಬಿಬ್ಬರು ಅದೂ ಬೇಡವೆಂದು ತೋರಿಸಿದರು. ಏನನ್ನೂ ಕತ್ತರಿಸಿ ಎಸೆಯದೆ, ಗ್ರಂಥಿಯನ್ನು ಇದ್ದಲ್ಲಿಯೇ ಬಿಟ್ಟು, ಸೀಳಿದ ನಾಳದ ಎರಡು ಅಂಚುಗಳಿಗೆ ಅಷ್ಟೇ ಉದ್ದಕ್ಕೆ ಸೀಳಿದ ಸಣ್ಣಕರುಳಿನ ಅಂಚುಗಳನ್ನು ಕೂಡಿಸಿ ಹೊಲಿಯುವುದು ಅವರ ವಿಧಾನ. ತೂಬನ್ನು ಶೋಧಿಸುವ ಗೋಜಿಗೆ ಹೋಗದೆ, ಕೆರೆಯ ಸಾಲಿನ ಪಕ್ಕಕ್ಕೇ ಕಾಲುವೆಯನ್ನು ತಂದು ಸೇರಿಸಿದಂತೆ. ಉಂಡ ಆಹಾರ ಈ ಸುರುಳಿಗೆ ನುಗ್ಗದಿರಲೆಂದು ಕರುಳನ್ನು ಇಂಗ್ಲಿಷಿನ 'ವೈ' ಅಕ್ಷರದ ಆಕಾರದಲ್ಲಿ ಜೋಡಿಸುತ್ತಾರೆ. ಆ ಜೋಡಣೆ ಸ್ವಿಟ್ಜರ್ಲೆಂಡಿನ ಸೀಸರ್ ರೂ ಎಂಬ ಶಸ್ತ್ರವೈದ್ಯ ೧೯ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದದ್ದು. ಗ್ರಂಥಿಯ ತಲೆ ದಪ್ಪಗಾಗಿ ಕಲ್ಲು ಅಲ್ಲೇ ಹುದುಗಿದ್ದರೆ ಇಷ್ಟೂ ಸಾಲದು. ಅಂಥವರಿಗಾಗಿ ೧೯೮೭ರಲ್ಲಿ ಫ್ರೇ ಎಂಬಾತ, ತಲೆಯ ಭಾಗವನ್ನು ಒಳಗಿನಿಂದ ತೋಡಿ ತೆಗೆದು ಬಳಿಕ ಹೊಲಿಯುವ ಕ್ರಮವನ್ನು ವಿವರಿಸಿದ. ನಾಳ ಸಾಕಷ್ಟು ಹಿಗ್ಗಿರುವವರಿಗೆ ಇವು ಹೊಂದುತ್ತವೆ. ಸಣ್ಣ ನಾಳದವರಿಗೆ ಬೇರೆ ದಾರಿ ಹುಡುಕಬೇಕು.

ಹೊಟ್ಟೆ ಕೊಯ್ಯದೆಯೇ ಕಲ್ಲು ತೆಗೆಯಬಾರದೆ ಎಂಬ ಪ್ರಶ್ನೆ ಸಹಜ. ತೆಗೆಯಬಹುದು. ಹೊರಗಿನಿಂದ ಶಬ್ದದ ಅಲೆಗಳನ್ನು ಹಾಯಿಸಿ ಕಲ್ಲನ್ನು ಪುಡಿ ಮಾಡುತ್ತಾರೆ. ಬಾಯಿಯ ಮೂಲಕ ಎಂಡೋಸ್ಕೋಪಿನ ಕೊಳವೆ ಇಳಿಸಿ ನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ನಳಿಗೆಯನ್ನು ಕೂರಿಸುತ್ತಾರೆ. ನಮ್ಮ ದೇಶದಲ್ಲಿ ಇದರಿಂದ ನೆಮ್ಮದಿ ಕಂಡವರು ಬಹು ಮಂದಿ. ಗಾಯವಿಲ್ಲ, ಬೇಗ ಮನೆಗೆ ಹೋಗಬಹುದು. ಆದರೆ ನಳಿಗೆ ಕಟ್ಟುತ್ತದೆ, ಬದಲಿಸಬೇಕಾಗುತ್ತದೆ, ಮತ್ತೆ ಕಟ್ಟುತ್ತದೆ. ಎರಡು ದಾರಿಗಳನ್ನು ನೇರವಾಗಿ ಹೋಲಿಸಿ ನೋಡಿದವರು ಆಮ್‌ಸ್ಟರ್‌ಡಾಮಿನ ವೈದ್ಯರು. ೨೦೦೭ರಲ್ಲಿ ಪ್ರಕಟವಾದ ಅವರ ವರದಿಯಲ್ಲಿದ್ದವರು ೩೯ ರೋಗಿಗಳು. ಎರಡು ವರ್ಷಗಳ ಕೊನೆಯಲ್ಲಿ, ಶಸ್ತ್ರಕ್ರಿಯೆಯ ಗುಂಪಿನಲ್ಲಿ ನೂರಕ್ಕೆ ೭೫ ಮಂದಿಗೆ ನೋವು ಪೂರ್ತಿಯಾಗಿಯೋ ಭಾಗಶಃವೋ ಇಳಿದಿತ್ತು. ಎಂಡೋಸ್ಕೋಪಿಯ ಗುಂಪಿನಲ್ಲಿ ೩೨ ಮಂದಿಗೆ. ಆ ಎರಡನೆಯ ಗುಂಪಿನ ಸುಮಾರು ಅರ್ಧದಷ್ಟು ಜನ ಮುಂದಿನ ವರ್ಷಗಳಲ್ಲಿ ಶಸ್ತ್ರಕ್ರಿಯೆಯನ್ನೇ ಮಾಡಿಸಿಕೊಂಡರು. ೩೯ ಜನ ಸಣ್ಣ ಸಂಖ್ಯೆ. ಅದರ ಮೇಲೆ ಸಿದ್ಧಾಂತದ ಗೋಪುರ ಕಟ್ಟಲಾಗದು. ಹಾಗಿದ್ದರೂ ದಿಕ್ಕು ಕಾಣಿಸಿತು. ೨೦೧೮ರಲ್ಲಿ ಯೂರೋಪಿನ ಎಂಡೋಸ್ಕೋಪಿ ತಜ್ಞರೇ ಹೇಳಿದರು, ಕೊಳವೆಯ ಚಿಕಿತ್ಸೆಯ ಫಲವನ್ನು ೬ರಿಂದ ೮ ವಾರಗಳಲ್ಲಿ ಅಳೆದು, ಸಾಲದಿದ್ದರೆ ಶಸ್ತ್ರವೈದ್ಯರೊಡನೆ ಕುಳಿತು ಯೋಚಿಸಿ ಎಂದು.

ಇಲ್ಲಿ ನನ್ನ ಕೆರೆಯ ಉಪಮೆಯನ್ನು ನಾನೇ ನಿಲ್ಲಿಸಬೇಕು. ಉಪಮೆ ಎಷ್ಟೇ ಸೊಗಸಾದರೂ ಒಂದು ಗಡಿಯ ಆಚೆಗೆ ಸುಳ್ಳು ಹೇಳತೊಡಗುತ್ತದೆ. ಅಲಂಕಾರಶಾಸ್ತ್ರ ಪಾಠ ಹೇಳಿದವರಿಗೆ ಇದು ತಿಳಿದ ಮಾತು. ಕೆರೆಗೆ ನರಗಳಿಲ್ಲ, ನೆನಪಿಲ್ಲ. ಮನುಷ್ಯನಿಗೆ ಎರಡೂ ಇವೆ. ನಾಳ ಹಿಗ್ಗಿದ್ದರೂ ನೋವಿಲ್ಲದವರಿದ್ದಾರೆ; ನಾಳ ಸಣ್ಣದಾಗಿದ್ದರೂ ನರಳುವವರಿದ್ದಾರೆ. ಒತ್ತಡದ ಜೊತೆಗೆ ಗ್ರಂಥಿಯ ನರಗಳೂ ಊದಿಕೊಂಡು ಕೆರಳಿರುತ್ತವೆ. ವರ್ಷಾನುಗಟ್ಟಲೆ ನೋವಿನ ಸುದ್ದಿಯನ್ನೇ ಹೊತ್ತ ಬೆನ್ನುಹುರಿಯೂ ಮಿದುಳೂ ಅದನ್ನು ಕಂಠಪಾಠ ಮಾಡಿಕೊಳ್ಳುತ್ತವೆ. ಆಗ ನಾಳವನ್ನು ತೆರೆದರೂ, ಕಲ್ಲು ತೆಗೆದರೂ, ಕಲಿತ ಪಾಠವನ್ನು ಮಿದುಳು ಒಪ್ಪಿಸುತ್ತಲೇ ಇರುತ್ತದೆ.

ಆದ್ದರಿಂದ ಕಾಲದ ಪ್ರಶ್ನೆ ಮುಖ್ಯವಾಗುತ್ತದೆ. ಕಾಯುವುದೇ ಲೇಸು ಎಂಬ ಒಂದು ವಾದ ಹಿಂದೆ ಪ್ರಬಲವಾಗಿತ್ತು. ೧೯೮೪ರಲ್ಲಿ ಸ್ವಿಟ್ಜರ್ಲೆಂಡಿನ ಅಮ್ಮಾನ್ ಮತ್ತು ಸಂಗಡಿಗರು ತಮ್ಮ ರೋಗಿಗಳಲ್ಲಿ, ಗ್ರಂಥಿಯ ಶಕ್ತಿ ಉಡುಗಿದಂತೆ ನೋವೂ ಉಡುಗುವುದನ್ನು ಕಂಡಿದ್ದರು. ಉರಿಯುವಷ್ಟು ಉರಿದು ಬೆಂಕಿ ತಾನೇ ಆರುತ್ತದೆ ಎಂಬ ಭಾವನೆ. ಬೇರೆ ಕಡೆಗಳ ರೋಗಿಗಳು ಈ ನಿಯಮಕ್ಕೆ ಕಟ್ಟುಬೀಳಲಿಲ್ಲ. ಗ್ರಂಥಿ ಬರಡಾದ ಮೇಲೂ ಎಷ್ಟೋ ಜನರ ನೋವು ಉಳಿಯಿತು. ಆರುವ ಬೆಂಕಿಯೇ ಆದರೂ, ಅದು ಆರುವವರೆಗಿನ ಹತ್ತು ವರ್ಷಗಳನ್ನು ಯಾರು ಹಿಂದಿರುಗಿಸಿ ಕೊಟ್ಟಾರು? ಓದುವ, ದುಡಿಯುವ, ಮದುವೆಯಾಗುವ ವರ್ಷಗಳು ಅವು. ೨೦೨೦ರಲ್ಲಿ ಹಾಲೆಂಡಿನಿಂದ ಮತ್ತೊಂದು ಅಧ್ಯಯನ ಬಂತು. ಅಫೀಮಿನ ಜಾತಿಯ ಔಷಧಗಳಿಗೆ ಮೈ ಒಗ್ಗಿಹೋಗುವ ಮೊದಲೇ ಶಸ್ತ್ರಕ್ರಿಯೆಯಾದವರನ್ನು, ಔಷಧ ಮತ್ತು ಎಂಡೋಸ್ಕೋಪಿಗಳ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದವರೊಡನೆ ಹೋಲಿಸಿದರು. ರೋಗಿಗಳು ೮೮. ಹದಿನೆಂಟು ತಿಂಗಳ ಅವಧಿಯಲ್ಲಿ, ನೂರರ ಅಳತೆಯಲ್ಲಿ ನೋವಿನ ಸರಾಸರಿ ಮೊದಲಿನವರಿಗೆ ೩೭, ಎರಡನೆಯವರಿಗೆ ೪೯. ಅಂತರ ಪವಾಡದಷ್ಟಲ್ಲ. ಆದರೂ ಪ್ರತಿದಿನ ನೋಯುವವನಿಗೆ ಅದು ಸಣ್ಣದೂ ಅಲ್ಲ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಕಾಯಿಲೆ ಹೋಗದಿದ್ದರೆ ಕೊಯ್ಯುವುದು ಏತಕ್ಕೆ? ಈ ಶಸ್ತ್ರಕ್ರಿಯೆ ಸತ್ತ ಮಾಂಸಕ್ಕೆ ಜೀವ ತುಂಬುವುದಿಲ್ಲ. ಬಂದಿರುವ ಮಧುಮೇಹವನ್ನು ಕಳೆಯುವುದಿಲ್ಲ, ಬರಬೇಕಾದದ್ದನ್ನು ತಡೆದೇ ತೀರುತ್ತದೆಂಬ ಭರವಸೆಯೂ ಇಲ್ಲ. ಊಟದ ಜೊತೆಗೆ ಕಿಣ್ವದ ಮಾತ್ರೆ ನುಂಗುವುದು ಅನೇಕರಿಗೆ ತಪ್ಪುವುದಿಲ್ಲ. ಈ ಗ್ರಂಥಿಗೆ ಅರ್ಬುದ ತಗಲುವ ಭಯ ಇಂಥ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾದ್ದರಿಂದ ವೈದ್ಯರ ಕಣ್ಗಾವಲು ಜೀವನಪರ್ಯಂತ ಬೇಕು. ಶಸ್ತ್ರಕ್ರಿಯೆಗೂ ತನ್ನದೇ ಅಪಾಯಗಳಿವೆ: ರಕ್ತಸ್ರಾವ, ಸೋಂಕು, ಹೊಲಿಗೆಯ ಸೋರಿಕೆ. ಪಳಗಿದ ಕೈಗಳಲ್ಲಿ ಸಾವು ವಿರಳ ಎನ್ನುವುದು ಸಮಾಧಾನ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಒಂದೇ ಲಾಭ, ನೋವು ಕಡಿಮೆಯಾಗುವುದು.

ಆ ಒಂದೇ ಲಾಭದ ಬೆಲೆಯನ್ನು ಹೊರಗಿನಿಂದ ಅಳೆಯಲಾಗದು. ನನ್ನ ಅಳಿಯನಿಗೆ ಶಸ್ತ್ರಕ್ರಿಯೆಯಾಯಿತು. ಎರಡು ವರ್ಷಗಳ ಬಳಿಕ ಮಧುಮೇಹ ಬಂತು. ಇಂದಿಗೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ವರ್ಷಕ್ಕೆ ಒಂದೆರಡು ಬಾರಿ ನೋವು ಹಳೆಯ ನೆಂಟನಂತೆ ಬಂದು ಹೋಗುವುದೂ ಉಂಟು. ಆದರೆ ಅವನು ಈಗ ಪಂಕ್ತಿಯಲ್ಲಿ ಎಲ್ಲರೊಡನೆ ಕುಳಿತು, ಮಾತ್ರೆಯನ್ನು ಎಲೆಯ ಪಕ್ಕದಲ್ಲಿಟ್ಟುಕೊಂಡು, ಮಜ್ಜಿಗೆಯವರೆಗೆ ಉಣ್ಣುತ್ತಾನೆ. ಆಮೇಲೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಕಾಯಿಲೆ ವಾಸಿಯಾಯಿತೇ ಎಂದು ಕೇಳಿದರೆ ಇಲ್ಲ ಎನ್ನಬೇಕು. ಬದುಕು ದಕ್ಕಿತೇ ಎಂದರೆ ದಕ್ಕಿತು ಎನ್ನಬೇಕು.

ವೈದ್ಯಶಾಸ್ತ್ರದಲ್ಲಿ ಗುಣಪಡಿಸುವುದಕ್ಕೆ ನಾವು ಕೊಡುವ ಪಟ್ಟವನ್ನು ಶಮನಗೊಳಿಸುವುದಕ್ಕೆ ಕೊಟ್ಟಿಲ್ಲ. 'ಇದು ತಾತ್ಕಾಲಿಕ', 'ಬೇರು ಹಾಗೆಯೇ ಇದೆ' ಎಂದು ಹಿಂದೆ ಸರಿಯುತ್ತೇವೆ. ಬೇರು ಕೀಳಲಾಗದ ರೋಗಗಳಲ್ಲಿ ಹರಿಯದೆ ನಿಂತದ್ದಕ್ಕೆ ದಾರಿ ಮಾಡಿಕೊಡುವುದೂ ದೊಡ್ಡ ವಿದ್ಯೆಯೇ. ಆ ವಿದ್ಯೆ ಫಲಿಸಬೇಕಾದರೆ ಅದು ಹೊತ್ತಿಗೆ ಸರಿಯಾಗಿ ಒದಗಬೇಕು. ಹೊತ್ತಿಗೆ ಒದಗಬೇಕಾದರೆ, ಮೊಣಕಾಲು ತಬ್ಬಿ ಮೂಲೆಯಲ್ಲಿ ಕುಳಿತ ಹುಡುಗನ ಮಾತನ್ನು ಯಾರಾದರೂ ಮೊದಲು ನಂಬಬೇಕು. ಪದೇ ಪದೇ ಮರಳುವ, ಬೆನ್ನಿಗೆ ಹಾಯುವ, ಊಟಕ್ಕೆ ಹೆದರಿಸುವ ಹೊಟ್ಟೆನೋವನ್ನು ಕಂಡಾಗ, ನಮ್ಮ ನುಡಿಗಟ್ಟುಗಳಲ್ಲಿ ಸ್ಥಳ ಸಿಗದ ಆ ಗ್ರಂಥಿಯನ್ನು ಒಮ್ಮೆ ನೆನೆಯಿರಿ; ಅದನ್ನು ಬಲ್ಲ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಷಾಯ ಆರಿದ ಮೇಲೂ ಕುಡಿಯಬಹುದು. ಕಳೆದ ವರ್ಷಗಳು ಮರಳಿ ಬರುವುದಿಲ್ಲ.

(ಬಾನುಲಿ ಭಾಷಣ)